ಬೀನ್ಸ್ ಬೀಜವನ್ನು ನೆನೆಸಿ ಉಜ್ಜಬೇಡಿ

ಬಿತ್ತುವ ಮೊದಲು ಬೀನ್ಸ್ ಬೀಜಕ್ಕೆ ಔಷಧಿ ಹಚ್ಚಿದರೆ ಬೇರುಕೊಳೆ ರೋಗ ಕಡಿಮೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ತುಂಬಾ ಒಳ್ಳೆಯ ಮಾತು. ಆದರೆ ಹೇಗೆ ಹಚ್ಚಬೇಕು ಅನ್ನೋದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕಿತ್ತು.

ನಮ್ಮದು ಪಾಂಡವಪುರದ ಹತ್ತಿರ, ನಾಲೆ ನೀರಿನ ಜಮೀನು. ಒಂದು ಸಲ ರಾಗಿ ಬೀಜದ ಹಾಗೆ ಬೀನ್ಸನ್ನೂ ರಾತ್ರಿಯಿಡೀ ನೆನೆಸಿ, ಔಷಧಿ ಹಾಕಿ ಜೋರಾಗಿ ಉಜ್ಜಿದೆವು. ಸಿಪ್ಪೆ ಬಿಟ್ಟು, ಬೀಜ ಎರಡು ಹೋಳಾಯಿತು. ಅರ್ಧಕ್ಕರ್ಧ ಮಣ್ಣಲ್ಲೇ ಕೊಳೆಯಿತು. ಆ ಸಾಲುಗಳನ್ನು ನೋಡಿ ಹೊಟ್ಟೆ ಉರಿಯಿತು.

ಈಗ ಒಣ ಬೀಜಕ್ಕೇ ತಣ್ಣಗಾದ ಬೆಲ್ಲದ ನೀರು ಸ್ವಲ್ಪವೇ ಚಿಮುಕಿಸುತ್ತೇವೆ, ಅಂಟುವಷ್ಟು ಮಾತ್ರ. ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ (ಬೇರುಕೊಳೆ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಹಾಕಿ, ಮೊರದಲ್ಲಿ ಮೆಲ್ಲಗೆ ಹೊರಳಿಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತುತ್ತೇವೆ. ಬಿಸಿಲಿಗೆ ಇಟ್ಟರೆ ಅದರಲ್ಲಿರುವ ಜೀವ ಸಾಯುತ್ತದೆ.

ರಾಸಾಯನಿಕ ಬಳಸುವವರಿಗೆ ಒಂದು ಮಾತು. ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕೊನೆಗೆ ರೈಜೋಬಿಯಂ, ಅಂದರೆ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಕಟ್ಟಿಕೊಡುವ ಜೀವಾಣು. ಎಲ್ಲವನ್ನೂ ಸುಮ್ನೆ ಒಟ್ಟಿಗೆ ಕಲಸಬೇಡಿ. ಆ ಜೀವಾಣುವಿಗೇ ಏಟು ಬೀಳುತ್ತದೆ, ಅಲ್ವಾ? ಕೈಗೆ ಗವಸು ಹಾಕಿಕೊಳ್ಳಿ. ಔಷಧಿ ಹಚ್ಚಿ ಮಿಕ್ಕ ಬೀಜ ಕೋಳಿಗೂ ಹಾಕಬೇಡಿ, ಸಾರಿಗೂ ಹಾಕಬೇಡಿ.

ಇನ್ನೊಂದು, ನೀರು ನಿಲ್ಲುವ ಗದ್ದೆಯಲ್ಲಿ ಬೀಜೋಪಚಾರವೊಂದೇ ಸಾಕಾಗಲ್ಲ. ನಾವು ಏರು ಸಾಲು ಮಾಡಿದ ಮೇಲೆಯೇ ಸಸಿ ಸಾಯೋದು ಕಡಿಮೆಯಾಗಿದ್ದು. ಮಂಡ್ಯದ ಸುತ್ತಮುತ್ತ ಇರುವವರು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಒಮ್ಮೆ ವಿಚಾರಿಸಿ.