ಮುಯ್ಯಿ ಪುಸ್ತಕ ಉಳಿಯುತ್ತದೆ, ಖರ್ಚಿನ ಪುಸ್ತಕ ಯಾಕೆ ಉಳಿಯಲ್ಲ?

ನಮ್ಮ ಹಳ್ಳಿ ಜನಕ್ಕೆ ಲೆಕ್ಕ ಇಡೋ ಅಭ್ಯಾಸವೇ ಇಲ್ಲ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಮಂಡ್ಯ ಕಡೆ ಯಾವ ಮನೆಗಾದರೂ ಹೋಗಿ ನೋಡಿ. ಬೀರುವಿನಲ್ಲಿ ಪಹಣಿ, ಪಾಸ್‌ಬುಕ್ ಜೊತೆ ಒಂದು ಮುಯ್ಯಿ ಪುಸ್ತಕ ಇರುತ್ತದೆ, ಅಂದರೆ ಮದುವೆಗೆ ಬಂದವರು ಯಾರು ಏನು ಉಡುಗೊರೆ ಕೊಟ್ಟರು ಅಂತ ಬರೆದಿಡೋ ಪುಸ್ತಕ. ನಮ್ಮ ಮನೆಯದು ಕೆಂಪು ರಟ್ಟಿನದು. ಮೊದಲ ಪುಟಕ್ಕೆ ಹಚ್ಚಿದ ಅರಿಶಿನ ಈಗಲೂ ಕಾಣುತ್ತದೆ. ಊರ ಹೆಸರು, ಮನೆ ಯಜಮಾನರ ಹೆಸರು, ಪಕ್ಕದಲ್ಲಿ ಮೊತ್ತ. ಕೆರಗೋಡು 11, ಬಸರಾಳು 51, ಕೊಪ್ಪ ಸ್ಟೀಲ್ ಬಿಂದಿಗೆ 1. ತಿರುಗಿ ಕೊಟ್ಟಾದ ಮೇಲೆ ಎದುರಿಗೆ ಒಂದು ಗೀಟು. ಮೂರು ಥರದ ಕೈಬರಹ ಇದೆ ಅದರಲ್ಲಿ, ಅಂದರೆ ಮೂರು ತಲೆಮಾರು.

ಇಷ್ಟು ವರ್ಷ ಆ ಪುಸ್ತಕ ನಿಂತಿದ್ದು ಹೇಗೆ? ಬರೆಯೋಕೆ ಒಂದು ಜಾಗ, ಒಂದು ಹೊತ್ತು ಗೊತ್ತಿದೆ: ಮದುವೆ ಮಂಟಪ, ಒಂದು ಮೇಜು, ನಂಬಿಕಸ್ತ ಒಬ್ಬ ಹುಡುಗ. ಒಂದು ಮುಯ್ಯಿಗೆ ಒಂದೇ ಸಾಲು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪುಸ್ತಕವನ್ನು ಮತ್ತೆ ತೆಗೆಯುತ್ತಾರೆ. ಲಗ್ನಪತ್ರಿಕೆ ಬಂದರೆ ಸಾಕು, "ಅವರು ನಮಗೆ ಎಷ್ಟು ಹಾಕಿದ್ರು ನೋಡಪ್ಪಾ" ಅಂತ ಒಳಗಿಂದ ಕೂಗು ಬರುತ್ತದೆ.

ಖರ್ಚಿನ ಪುಸ್ತಕಕ್ಕೆ ಇಲ್ಲದಿರೋದು ಇದೇ. ಜನವರಿಯಲ್ಲಿ ಹೊಸ ಡೈರಿ ತಂದು ಕೊತ್ತಂಬರಿ ಸೊಪ್ಪಿನ ಲೆಕ್ಕದವರೆಗೂ ಬರೆಯುತ್ತಾರೆ. ಬರೆದಿದ್ದನ್ನು ಯಾರೂ ತಿರುಗಿ ನೋಡಲ್ಲ. ನೋಡದ ಲೆಕ್ಕವನ್ನು ಎಷ್ಟು ದಿನ ಅಂತ ಬರೆಯೋದು? ಸಂಕ್ರಾಂತಿ ಕಳೆಯೋದರೊಳಗೆ ನಿಂತುಹೋಗುತ್ತದೆ. ಆಮೇಲೆ "ನಂಗೆ ಶಿಸ್ತಿಲ್ಲ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಶಿಸ್ತಿನ ಮಾತೇ ಅಲ್ಲ ಅದು. ಈಗಂತೂ ಟೀ ಅಂಗಡಿಯ 10 ರೂಪಾಯಿ ಕೂಡ ಯುಪಿಐನಲ್ಲಿ ಹೋಗುತ್ತದೆ, ಅರ್ಧ ಲೆಕ್ಕ ಫೋನೇ ಬರೆದಿಟ್ಟಿರುತ್ತದೆ. ನಾವು ಕೂತು ಅದನ್ನು ನೋಡಬೇಕು, ಅಷ್ಟೇ. ಅದಕ್ಕೊಂದು ದಿನ ಗೊತ್ತು ಮಾಡಿಕೊಳ್ಳಬೇಕು.

ಯಾವ ದಿನ? ಇಲ್ಲೇ ನನ್ನ ದೊಡ್ಡ ತಕರಾರು ಇರೋದು. ಹಣದ ಬಗ್ಗೆ ಸಲಹೆ ಕೊಡೋರೆಲ್ಲ ಒಂದನೇ ತಾರೀಖು ಸಂಬಳ ಬರುತ್ತದೆ ಅಂತಲೇ ಶುರು ಮಾಡುತ್ತಾರೆ. ಅರ್ಧ ಅಗತ್ಯಕ್ಕೆ, ಶೇ 30 ಆಸೆಗೆ, ಶೇ 20 ಉಳಿತಾಯಕ್ಕೆ ಅಂತ ಭಾಗ ಮಾಡಿ ಕೊಡುತ್ತಾರೆ. ಮೈಸೂರಿನಲ್ಲಿ ಕೆಲಸದಲ್ಲಿರೋರಿಗೆ ಅದು ಸರಿಹೋಗಬಹುದು. ಕಬ್ಬು, ಹಸು, ಒಂದಿಷ್ಟು ಭತ್ತ ಇರೋ ಮನೆಗೆ ಒಂದನೇ ತಾರೀಖು ಅಂದರೆ ಏನು? ಬರೀ ಒಂದು ದಿನ. ನಮ್ಮಲ್ಲಿ ದುಡ್ಡು ಬರೋ ದಿನ ಅಂದರೆ ಬಟವಾಡೆ, ಹಾಲಿನ ಡೈರಿಯವರು ಹಣ ಕೊಡೋ ದಿನ. ನಮ್ಮೂರಲ್ಲಿ ಹದಿನೈದು ದಿನಕ್ಕೊಮ್ಮೆ. ಆ ಸಂಜೆ ಹಾಲಿನ ಚೀಟಿ ಹೇಗೂ ಎಲ್ಲರೂ ನೋಡುತ್ತಾರೆ, ಎಷ್ಟು ಲೀಟರ್, ಎಷ್ಟು ಫ್ಯಾಟ್, ಹಿಂಡಿ-ಬೂಸಕ್ಕೆ ಎಷ್ಟು ಮುರಿದುಕೊಂಡರು ಅಂತ. ಅಲ್ಲೇ ಇನ್ನೊಂದು ಹತ್ತು ನಿಮಿಷ ಕೂತು ಮನೆ ಖರ್ಚನ್ನೂ ನೋಡಿಬಿಡಿ. ಮೊದಲೇ ಇರೋ ರೂಢಿಗೆ ಹೊಸದನ್ನು ಸೇರಿಸಿದರೆ ಅದಕ್ಕಾಗಿ ಬೇರೆ ನೆನಪು ಇಟ್ಟುಕೊಳ್ಳಬೇಕಾಗಿಲ್ಲ.

ಕಬ್ಬಿನ ದುಡ್ಡಿನ ಕಥೆ ಬೇರೆ. ಅದು ವರ್ಷಕ್ಕೊಂದು ಸಲ ಬರುತ್ತದೆ, ಒಟ್ಟಿಗೆ ಬರುತ್ತದೆ, ಬಂದ ಹಾಗೇ ಹೋಗುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಟನ್ನಿಗೆ 3,550 ರೂಪಾಯಿ, ಅದೂ ಸಕ್ಕರೆ ಇಳುವರಿ (ಕಬ್ಬಿನ ತೂಕದಲ್ಲಿ ಸಿಗೋ ಸಕ್ಕರೆಯ ಪಾಲು) ಶೇ 10.25 ಇದ್ದರೆ. ಸುಮಾರು ಜನ ಟನ್ನನ್ನು 3,550ರಿಂದ ಗುಣಿಸಿ ಮನಸ್ಸಿನಲ್ಲೇ ಬೈಕ್ ತಗೊಂಡುಬಿಡುತ್ತಾರೆ. ಇಳುವರಿ, ಕಟಾವು, ಸಾಗಣೆ ಎಲ್ಲ ಲೆಕ್ಕ ಹಾಕಿ ಕೈಗೆ ಸೇರೋದು ಬೇರೆಯೇ ಮೊತ್ತ. ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಆ 14 ದಿನ ನಂಬಿ ಯಾರಿಗೂ ಮಾತು ಕೊಡಬೇಡಿ. ಖಾತೆಗೆ ಬಿದ್ದ ಮೇಲೆ ಲೆಕ್ಕ.

ಕೈಗೆ 2,40,000 ಬಂತು ಅಂತ ಇಟ್ಟುಕೊಳ್ಳಿ. ಮೊದಲು ಸೊಸೈಟಿ ಸಾಲ, 80,000. ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ಇಲ್ಲದಿರೋದು ವಾಯಿದೆಯೊಳಗೆ ಕಟ್ಟಿದರೆ ಮಾತ್ರ. ಇದನ್ನು ಮುಂದಕ್ಕೆ ಹಾಕೋ ಮಾತೇ ಬೇಡ. ಆಮೇಲೆ ಕೂಳೆ ಕಬ್ಬಿನ (ಕಟಾವಾದ ಬುಡದಿಂದ ಮತ್ತೆ ಚಿಗುರೋ ಬೆಳೆ) ಗೊಬ್ಬರ, ಕೂಲಿಗೆ 40,000. ಮಕ್ಕಳ ಫೀಸು, ಇನ್ಶೂರೆನ್ಸ್‌ಗೆ 30,000. ಹಬ್ಬ, ಮುಯ್ಯಿಗೆ 18,000. ಉಳಿದಿದ್ದು 72,000, ತಿಂಗಳಿಗೆ 6,000. ಈ 72,000ವನ್ನು ಬೇರೆ ಖಾತೆಗೆ ಹಾಕಿ, ಅಲ್ಲಿಂದ ಪ್ರತಿ ತಿಂಗಳು 6,000 ದಿನಬಳಕೆಯ ಖಾತೆಗೆ ತಾನಾಗೇ ಬರೋ ಹಾಗೆ ಮಾಡಿಕೊಡಿ ಅಂತ ಬ್ಯಾಂಕಿನಲ್ಲಿ ಕೇಳಿ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂದರೆ ಗೊತ್ತಾಗುತ್ತದೆ. ಈ ಒಂದು ಕೆಲಸ ಯಾವ ಆ್ಯಪ್‌ಗಿಂತಲೂ ಜಾಸ್ತಿ ಉಪಕಾರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಖಾತೆಯಲ್ಲಿ ಎರಡು ಲಕ್ಷ ಕಾಣುತ್ತಿದ್ದರೆ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಭಾವಮೈದ ಕೈಸಾಲ ಕೇಳಿದರಂತೂ ಮುಗಿದೇ ಹೋಯ್ತು.

ಹಬ್ಬಕ್ಕೆ ಬೇರೆ ಸಾಲು ಯಾಕೆ ಅಂದರೆ, ಅದು ಅನಿರೀಕ್ಷಿತ ಖರ್ಚಲ್ಲ. ಯುಗಾದಿಯ ಮಾರನೇ ದಿನ ಹೊಸತೊಡಕು ಬಂದೇ ಬರುತ್ತದೆ, ಮಟನ್ ಅಂಗಡಿ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತೇ ನಿಲ್ಲುತ್ತದೆ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ಬಾಗಿನ ಕಳಿಸಲೇಬೇಕು. ಊರ ಮಾರಿಹಬ್ಬಕ್ಕೆ ನೆಂಟರು ಬರಲೇಬೇಕು. ಇದನ್ನೆಲ್ಲ ದುಂದುವೆಚ್ಚ ಅನ್ನೋರ ಮಾತು ನನಗೆ ಹಿಡಿಸಲ್ಲ. ಇದು ನಮ್ಮ ಬದುಕು. ಮೊದಲೇ ಎತ್ತಿಟ್ಟ ದುಡ್ಡಲ್ಲಿ ಮಾಡಿದರೆ ಹಬ್ಬ ನೆಮ್ಮದಿಯಾಗಿರುತ್ತದೆ, ಫೈನಾನ್ಸ್‌ನಲ್ಲಿ ತಂದು ಮಾಡಿದರೆ ಮುಂದಿನ ಹಬ್ಬದವರೆಗೂ ಕಂತು.

ಗೃಹಲಕ್ಷ್ಮಿಯ 2,000 ಬಗ್ಗೆಯೂ ಒಂದು ಮಾತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾದ ಯೋಜನೆ ಅದು. ಎಷ್ಟೋ ಹೆಂಗಸರಿಗೆ ತಮ್ಮ ಹೆಸರಿನ ಖಾತೆಗೇ ಬೀಳೋ ಹಣ ಅಂತ ಮೊದಲು ಸಿಕ್ಕಿದ್ದೇ ಇದು. ಅದನ್ನು ಮನೆ ದಿನಸಿಗೆ ಕರಗಿಸಬೇಡಿ. ಪೋಸ್ಟ್ ಆಫೀಸಿನಲ್ಲಿ ಐದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟೋ ಉಳಿತಾಯ, ತಿಂಗಳಿಗೆ 100 ರೂಪಾಯಿಯಿಂದಲೇ ಶುರುವಾಗುತ್ತದೆ. 500 ಕಟ್ಟಿದರೂ ಸಾಕು, ಆದರೆ ಅವರ ಹೆಸರಲ್ಲೇ ಇರಲಿ.

ಬಟವಾಡೆ ದಿನ ಲೆಕ್ಕ ನೋಡುವಾಗ ಮನೆ ಹೆಂಗಸರೂ ಕೂರಬೇಕು, ಹೈಸ್ಕೂಲ್ ಓದೋ ಮಕ್ಕಳೂ ಕೂರಬೇಕು. ಒಬ್ಬರು ಜೋರಾಗಿ ಓದಲಿ. 1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು, ದಸರಾ ಹೊತ್ತಿಗೆ ರಾಜ್ಯದ ಆದಾಯ-ಖರ್ಚನ್ನು ಸಭೆಯ ಮುಂದೆ ಇಡೋ ಪದ್ಧತಿ ಬಂತು. ಸಂಸ್ಥಾನದ ಲೆಕ್ಕವನ್ನೇ ಊರೂರಿಂದ ಬಂದವರ ಮುಂದೆ ಇಟ್ಟಿದ್ದರು ಅಂದಮೇಲೆ ನಮ್ಮ ಮನೆಯ ಲೆಕ್ಕವನ್ನು ಮನೆಯವರ ಮುಂದೆ ಇಡೋಕೆ ಏನು ಕಷ್ಟ? ಸೊಸೈಟಿ ಸಾಲ ಎಷ್ಟಿದೆ ಅಂತ ಗೊತ್ತಿರೋ ಹುಡುಗ ಹೊಸ ಫೋನ್ ಕೇಳೋ ರೀತಿಯೇ ಬೇರೆ ಇರುತ್ತದೆ.

ನಡುವೆ ಒಂದು ಬಟವಾಡೆ ತಪ್ಪಿತು ಅಂದುಕೊಳ್ಳಿ. ಸಾವು-ನೋವು ಇರಬಹುದು, ನಾಟಿ ಕೆಲಸ ಇರಬಹುದು. ಹಳೇದನ್ನು ತುಂಬಿಸೋಕೆ ಹೋಗಬೇಡಿ. ಮುಂದಿನ ಬಟವಾಡೆಗೆ ಹೊಸ ಪುಟ ತೆಗೆಯಿರಿ. ಮುಯ್ಯಿ ಪುಸ್ತಕದಲ್ಲೂ ಎಷ್ಟೋ ಹೆಸರು ಬಿಟ್ಟುಹೋಗಿರುತ್ತವೆ, ಅದಕ್ಕಾಗಿ ಯಾರೂ ಪುಸ್ತಕ ಎಸೆದಿಲ್ಲ ಅಲ್ವಾ?

ರೇಷ್ಮೆ ಸಾಕೋ ಮನೆಯವರು ಇದನ್ನೆಲ್ಲ ಹೇಗೆ ಮಾಡುತ್ತೀರಿ ಅಂತ ತಿಳಿಯೋ ಆಸೆ ನನಗಿದೆ. ನಿಮ್ಮದು ಬೆಳೆಬೆಳೆಗೂ ಬರೋ ದುಡ್ಡು, ಗೂಡಿನ ರೇಟು ಹರಾಜಿನಲ್ಲಿ ದಿನಾ ಬದಲಾಗುತ್ತದೆ. ತಿಂಗಳ ಖರ್ಚನ್ನು ಯಾವ ರೇಟು ಹಿಡಿದು ಗೊತ್ತು ಮಾಡುತ್ತೀರಿ? ದಯವಿಟ್ಟು ಬರೆಯಿರಿ.