ದೇವರ ಮನೆಯಿಂದ ರಿಯರ್ ಲೆಫ್ಟ್

ನಮ್ಮನೆ ಹಾಲ್ ಮೂಲೇಲಿ ಆಳೆತ್ತರದ್ದೊಂದು ಪೆಟ್ಟಿಗೆ ನಿಂತಿದೆ, ಬಂದೋರೆಲ್ಲ ಮೊದ್ಲು ಕೇಳೋದು ಇದೇನು ಎಟಿಎಮ್ಮಾ ಅಂತ. ಅಲ್ಲ, ವಿಡಿಯೋ ಗೇಮ್ ಮಷಿನ್ನು. ಮುಕ್ಕಾಲಿಂಚು ಪ್ಲೈವುಡ್ಡು, ಒಳಗೆ ಅಮ್ಮನ ಹಳೇ 21 ಇಂಚಿನ ಡಬ್ಬಾ ಟಿವಿ, ಕೆಳಗೊಂದು ಮುದಿ ಕಂಪ್ಯೂಟರು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮೂರು ಶನಿವಾರ ಅಲೆದು ತಂದ ಜಾಯ್‌ಸ್ಟಿಕ್ಕು, ಬಟನ್ನು. ಕಾರ್ಪೆಂಟರು ಕೊನೇವರೆಗೂ ಅದನ್ನ ಶೂ ರ‍್ಯಾಕ್ ಅಂದ್ಕೊಂಡೇ ಮಾಡಿಕೊಟ್ಟ, ಸ್ಕ್ರೀನಿಗೆ ತೂತು ಕೊರೆಸಿದಾಗ ಮಾತ್ರ ಒಂದ್ಸಲ ನನ್ನ ಮುಖ ನೋಡಿದ.

ಇದೆಲ್ಲ ಯಾತಕ್ಕೆ ಅಂದ್ರೆ ಮುಸ್ತಫಾ ಗೇಮಿಗೆ. ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡೀಲಿ ಒಂದು ರೂಪಾಯಿಗೆ ಒಂದು ಕಾಯಿನ್ ಅಂತ ಆಡಿದೋರಿಗೆ ಬಿಡಿಸಿ ಹೇಳಬೇಕಿಲ್ಲ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, 1993ರಲ್ಲಿ ಕ್ಯಾಪ್‌ಕಾಮ್‌ನೋರು ಮಾಡಿದ್ದು ಅಂತ ನಂಗೆ ಗೊತ್ತಾಗಿದ್ದು ಮದುವೆ ಆದ್ಮೇಲೆ. ನಮಗೆಲ್ಲ ಅದು ಟೋಪಿ ಹಾಕಿದ ಮುಸ್ತಫಾನ ಗೇಮು, ಅಷ್ಟೇ.

ಟಿವಿಯ ಸ್ಪೀಕರಲ್ಲೇ ಆರು ತಿಂಗಳು ಸುಖವಾಗಿ ಆಡ್ಕೊಂಡಿದ್ದೆ. ಹಾಳು ಬಾಯಿ, ಒಂದಿನ ಹೆಂಡ್ತಿ ತಮ್ಮನ ಹತ್ರ ಅಂದ್ಬಿಟ್ಟೆ, ಎಲ್ಲ ಸರಿ ಕಣೋ, ಆದ್ರೆ ಆಗ ಅಂಗಡೀಲಿ ಸೌಂಡು ಸುತ್ತಲಿಂದ ಬರ್ತಿತ್ತು, ಆ ಮಜಾ ಇದ್ರಲ್ಲಿಲ್ಲ ಅಂತ. ಮಾರನೇ ಭಾನುವಾರ ಬೆಳಿಗ್ಗೆ ಏಳೂವರೆಗೆ ಐದು ಪುಟ್ಟ ಡಬ್ಬ, ಒಂದು ದೊಡ್ಡ ಡಬ್ಬ ಹೊತ್ಕೊಂಡು ಬಾಗಿಲಲ್ಲಿ ಹಾಜರು. "ಭಾವ, ನಮ್ಮನೇಲಿ 5.1 ಸ್ಪೀಕರ್ ಸೆಟ್ಟು ಸುಮ್ನೆ ಧೂಳು ತಿಂತಿತ್ತು."

ಮುಂದಿನ ಎರಡು ಸ್ಪೀಕರನ್ನ ಟಿವಿಯ ಆ ಕಡೆ ಈ ಕಡೆ ಒತ್ತಿ ಕೂರಿಸಿದ್ವಿ. ಸ್ವಿಚ್ ಹಾಕಿದ್ರೆ ಸ್ಕ್ರೀನಿನ ಎಡಗಡೆ ಹಸಿರು, ಬಲಗಡೆ ನೇರಳೆ. ಮುಸ್ತಫಾ ಎಡಗಡೆಯಿಂದ ಹೊರಡುವಾಗ ಮಾವಿನಕಾಯಿ ಥರ, ಬಲಗಡೆ ತಲುಪೋ ಹೊತ್ತಿಗೆ ಬದನೇಕಾಯಿ ಥರ. "ರೀ, ಟಿವಿಗೆ ಕಾಮಾಲೆ ಬಂದಿದೆ" ಅಂದ್ಲು ನನ್ನಾಕೆ. ಸ್ಪೀಕರ್ ಅಂದ್ಮೇಲೆ ಒಳಗೆ ಆಯಸ್ಕಾಂತ ಇರುತ್ತೆ, ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿಗೆ ಆಯಸ್ಕಾಂತ ಆಗಲ್ಲ, ಅದು ಎಲೆಕ್ಟ್ರಾನ್ ಕಿರಣಗಳ ದಾರಿ ತಪ್ಪಿಸಿ ಬಣ್ಣ ಕಲಸುತ್ತೆ, ಇಷ್ಟೆಲ್ಲ ನಾನು ಹತ್ತನೇ ಕ್ಲಾಸಲ್ಲೇ ಓದಿದ್ದೆ, ಮಾರ್ಕ್ಸೂ ಬಂದಿತ್ತು. ಸ್ಪೀಕರ್ ಕಿತ್ತು ದೂರ ಇಟ್ರೂ ಕಲೆ ಹಂಗೇ ಇತ್ತು. ಈ ಟಿವಿಗಳಲ್ಲಿ ಆನ್ ಮಾಡಿದ ಕ್ಷಣ ಕಾಂತಗುಣ ತೊಳೆಯೋ ಒಂದು ಕಾಯಿಲ್ ಇರುತ್ತೆ, ಆದ್ರೆ ಅದು ಪೂರ್ತಿ ತಣ್ಣಗಾಗದೆ ಮತ್ತೆ ಕೆಲ್ಸ ಮಾಡಲ್ಲ. ಸೋ ಆಫ್ ಮಾಡೋದು, ಅರ್ಧ ಗಂಟೆ ಕಾಯೋದು, ಆನ್ ಮಾಡೋದು. ನಾಲ್ಕು ಸಲ ಹಂಗೆ ಮಾಡೋದ್ರೊಳಗೆ ಬಾಮೈದ ಎರಡು ಸಲ ತಿಂಡಿ ತಿಂದಿದ್ದ.

ಆಮೇಲೆ ವೂಫರು, ಅಂದ್ರೆ ದಪ್ಪ ಸದ್ದಿನ ಆ ದೊಡ್ಡ ಡಬ್ಬ. ಅದನ್ನ ಪೆಟ್ಟಿಗೆಯ ತಳದಲ್ಲಿಟ್ವಿ, ಜಾಗ ಹೇಳಿ ಮಾಡಿಸಿದಂಗಿತ್ತು. ಆನ್ ಮಾಡ್ತಿದ್ದಂಗೆ ಗುಂಯ್ ಅಂತ ಒಂದು ಸದ್ದು, ಗೇಮ್ ಶುರುವೇ ಆಗಿಲ್ಲ ಇನ್ನೂ. ಕಂಪ್ಯೂಟರು ಒಂದು ಗೋಡೆ ಪ್ಲಗ್ಗಲ್ಲಿ, ಸ್ಪೀಕರು ಇನ್ನೊಂದ್ರಲ್ಲಿ, ಎರಡರ ಅರ್ತಿಂಗ್ ಮಧ್ಯೆ ವೈರು ಒಂದು ಸುತ್ತು ಹಾಕಿ ಮನೆ ಕರೆಂಟಿನ 50 ಹರ್ಟ್ಸ್ ನೇರ ವೂಫರಿಗೆ ಬರ್ತಿತ್ತು. ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿದ್ಮೇಲೆ ಸುಮ್ನಾಯ್ತು. ಅಮ್ಮ ಮಾತ್ರ "ಯಾಕೋ ನಿಲ್ಲಿಸಿದ್ರಿ, ಪ್ರಾಣಾಯಾಮಕ್ಕೆ ಚೆನ್ನಾಗಿತ್ತು" ಅಂದ್ರು. ಆದ್ರೆ ಮುಸ್ತಫಾ ಒಬ್ಬನಿಗೆ ಗುದ್ದಿದ ತಕ್ಷಣ ಗೋಡೆ ಆಚೆ ಅಡಿಗೆಮನೆಲಿ ಸ್ಟೀಲ್ ಡಬ್ಬಗಳೆಲ್ಲ ಒಟ್ಟಿಗೆ ಗಡಗಡ ಅನ್ನೋವು, ಡೈನೋಸಾರ್ ನಡೆದ್ರೆ ತೊಗರಿಬೇಳೆ ಡಬ್ಬದ ಮುಚ್ಚಳ ಕುಣಿಯೋದು. ಹಳೇ ಯೋಗ ಮ್ಯಾಟು ಕತ್ತರಿಸಿ ವೂಫರ್ ಕೆಳಗೆ ಹಾಸಿದ್ವಿ. ಹಳೇದು ಅಂತ ನಾನಂದ್ಕೊಂಡಿದ್ದೆ. ಆ ವಿಷಯ ಇಲ್ಲಿ ಬೇಡ.

ಹಿಂದಿನ ಎರಡು ಸ್ಪೀಕರ್ ಕಥೆಯೇ ಬೇರೆ. ಪುಸ್ತಕದ ಪ್ರಕಾರ ಅವು ಕೇಳೋನ ಮೂಗಿನ ನೇರದಿಂದ ಸುಮಾರು 110 ಡಿಗ್ರಿಗೆ ಇರಬೇಕಂತೆ. ಬಾಮೈದ ಮಗಳ ಜಾಮಿಟ್ರಿ ಬಾಕ್ಸಿಂದ ಪ್ರೊಟ್ರ್ಯಾಕ್ಟರ್ ತಂದು ನನ್ನ ತಲೆ ಮೇಲಿಟ್ಟು ಅಳೆದ, ನಾನು ಮದುಮಗನ ಥರ ಅಲ್ಲಾಡದೆ ನಿಂತಿದ್ದೆ. ಬಲಗಡೆ 110 ಡಿಗ್ರಿಗೆ ಫ್ರಿಜ್ಜು ಬಂತು. ಎಡಗಡೆ 110 ಡಿಗ್ರಿಗೆ ದೇವರ ಮನೆ ಬಾಗಿಲಿನ ಚೌಕಟ್ಟು. ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಮೊಳೆ ಹೊಡೆದು ತಗುಲಿಸಿದ್ವಿ, ತೋರಣದ ಹಿಂದೆ ಕಾಣಲ್ಲ ಅಂತ ಧೈರ್ಯ.

ಕಂಪ್ಯೂಟರ್ ಹಿಂದೆ ಮೂರು ತೂತು, ಹಸಿರು ಮುಂದಿನವಕ್ಕೆ, ಕಪ್ಪು ಹಿಂದಿನವಕ್ಕೆ, ಕಿತ್ತಳೆ ನಡುವಿಂದಕ್ಕೂ ವೂಫರಿಗೂ. ಬಗ್ಗಿ ಕತ್ತಲಲ್ಲಿ ಚುಚ್ಚಿದ್ದು, ಯಾವ್ದು ಎಲ್ಲಿ ಹೋಯ್ತೋ ಖಾತ್ರಿಯಿಲ್ಲ. ಆ ಕಂಪ್ಯೂಟರನ್ನ ಓಡಿಸೋ ಲಿನಕ್ಸಲ್ಲಿ ಸ್ಪೀಕರ್ ಟೆಸ್ಟ್ ಅಂತ ಒಂದಿದೆ, ಒಬ್ಬ ಹೆಂಗಸು ಒಂದೊಂದೇ ಸ್ಪೀಕರಿಂದ ಅದರ ಹೆಸರು ಹೇಳ್ತಾಳೆ. ಬಾಮೈದ ಅದನ್ನ ಓಡಿಸಿ ವಾಲ್ಯೂಮ್ ಏರಿಸಿದ, ಅದೇ ಹೊತ್ತಿಗೆ ಅಮ್ಮ ಒದ್ದೆ ಕೂದಲಲ್ಲಿ ದೀಪ ಹಚ್ಚೋಕೆ ಬತ್ತಿ ಹೊಸಿತಾ ಒಳಗೆ ಕೂತಿದ್ರು. "ರಿಯರ್ ಲೆಫ್ಟ್" ಅಂತು ದೇವರ ಮನೆ.

ಅಮ್ಮ ಹೊರಗೆ ಬಂದು ಬಹಳ ನಿಧಾನವಾಗಿ ಕೇಳಿದ್ರು, "ಯಾರೋ ಅವಳು?"

ನಾನು ಬಾಮೈದನ ಮುಖ ನೋಡಿದೆ, ಅವನು ಫ್ರಿಜ್ ಮುಖ ನೋಡಿದ.

ಇಷ್ಟೆಲ್ಲ ಆಗಿ ಸಂಜೆ ಆರಕ್ಕೆ ಗೇಮ್ ಹಾಕಿದ್ರೆ ಹಿಂದಿನ ಸ್ಪೀಕರಿಂದ ಉಸಿರೇ ಇಲ್ಲ. ವೈರ್ ಬದಲಿಸಿದ್ವಿ, ಸೆಟ್ಟಿಂಗ್ ತಿರುವಿದ್ವಿ, ಬಾಮೈದ ಸ್ಪೀಕರಿಗೆ ಎರಡೇಟು ಕೊಟ್ಟ. ರಾತ್ರಿ ಹತ್ತಕ್ಕೆ ಓದಿ ತಿಳ್ಕೊಂಡಿದ್ದೇನಪ್ಪ ಅಂದ್ರೆ, ಈ ಗೇಮಿಗೆ ಕ್ಯೂಸೌಂಡ್ ಅಂತ ಒಂದು ತಂತ್ರ ಇತ್ತಂತೆ, ಎರಡೇ ಸ್ಪೀಕರ್ ಇಟ್ಕೊಂಡು ಸುತ್ತಲಿಂದ ಬಂದಂಗೆ ಕಿವಿಗೆ ಟೋಪಿ ಹಾಕೋದು. ಅಂದ್ರೆ ಮೂಲದಲ್ಲೇ ಇರೋದು ಎಡ, ಬಲ, ಎರಡೇ. 1980ರ ಪ್ಯಾಕ್‌ಮ್ಯಾನ್ ಹಾಕಿ ನೋಡಿದೆ, ಅದಕ್ಕೆ ಅದೂ ಇಲ್ಲ, ಮೋನೋ, ಎಡ ಬಲ ಎರಡಕ್ಕೂ ಒಂದೇ ಸೌಂಡು. ಈ ಹಳೇ ಗೇಮುಗಳನ್ನ ಕಂಪ್ಯೂಟರಲ್ಲಿ ಓಡಿಸೋ ಸಾಫ್ಟ್‌ವೇರು, 1997ರಲ್ಲಿ ಶುರುವಾದ ಮೇಮ್ ಎಮ್ಯುಲೇಟರಿಗೆ ಹಳೇ ಬೋರ್ಡು ಹೆಂಗಿತ್ತೋ ಹಂಗೇ ನಡ್ಕೊಳ್ಳೋದೇ ವ್ರತ, ಇಲ್ಲದ ಸೌಂಡನ್ನ ಅದ್ಯಾಕೆ ಹುಟ್ಟಿಸುತ್ತೆ. ಎಲ್ಲ ಸ್ಪೀಕರಿಗೂ ಅದನ್ನೇ ಕಾಪಿ ಮಾಡೋ ಆಪ್ಷನ್ ಹಾಕಿದ್ರೆ ಎದುರಿಗಿರೋ ರೌಡಿ ಒದೆ ತಿಂದು ಫ್ರಿಜ್ ಮೇಲಿಂದ ಕಿರುಚಿದ. ಆಫ್ ಮಾಡಿದೆ.

ಆಮೇಲೆ ಮಲ್ಕೊಂಡಾಗ ಹೊಳೀತು. ಅಂಗಡೀಲಿ ಸುತ್ತಲಿಂದ ಸೌಂಡ್ ಬರ್ತಿದ್ದಿದ್ದು ನಿಜವೇ, ನನ್ನ ಎಡಕ್ಕೊಂದು ಬಲಕ್ಕೊಂದು ಬೇರೆ ಮಷಿನ್ನು, ಹಿಂದೆ "ಏಯ್ ಜಂಪ್ ಹೊಡಿಯೋ" ಅನ್ನೋ ನಾಲ್ಕು ಹುಡುಗರು, ಬಾಗಿಲಲ್ಲಿ ಬೆಲ್ಟ್ ಹಿಡ್ಕೊಂಡು ನಮ್ಮಪ್ಪ. ಅದು ಬೇಕು ಅಂದ್ರೆ ಎಸ್‌ಪಿ ರೋಡಲ್ಲಿ ಸಿಗಲ್ಲ.

ದೇವರ ಮನೆ ಸ್ಪೀಕರ್ ತೆಗೀಬೇಕಿತ್ತು, ಸೋಮಾರಿತನಕ್ಕೆ ಅಲ್ಲೇ ಉಳೀತು. ಆಯುಧಪೂಜೆ ದಿನ ನೋಡ್ತೀನಿ, ಮಿಕ್ಸಿ, ಸ್ಕೂಟರು, ಮಷಿನ್ನು ಎಲ್ಲದಕ್ಕೂ ಇಟ್ಟಂಗೆ ಆ ಎರಡು ಹಿಂದಿನ ಸ್ಪೀಕರಿಗೂ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ.

"ಅಮ್ಮ, ಅವು ಒಂದಿನಾನೂ ಕೆಲ್ಸ ಮಾಡಿಲ್ಲ ಕಣಮ್ಮ."

"ನಿನ್ನ ಲ್ಯಾಪ್‌ಟಾಪಿಗೂ ಇಟ್ಟಿದೀನಿ ಸುಮ್ನಿರು" ಅಂದ್ರು.