ಅಪಾರ್ಟ್‌ಮೆಂಟಿನಲ್ಲಿ ಹಿಮಪಾತ

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಹಿಮ ಬೀಳಲು ಶುರುವಾಗುತ್ತದೆ. ‘ಮನೆಯಲ್ಲೇ ಮಾಡಿ ಮಸ್ತ್ ಕ್ರಿಸ್‌ಮಸ್ ಪಾರ್ಟಿ, ಇಲ್ಲಿವೆ 21 ಐಡಿಯಾ’ ಅನ್ನುವಂಥ ಲೇಖನವನ್ನು ನೀವೂ ಓದಿರುತ್ತೀರಿ. ಓದಿಲ್ಲವಾದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಯಾರೋ ಪುಣ್ಯಾತ್ಮರು ಅದನ್ನು ತಂದು ಹಾಕಿರುತ್ತಾರೆ. ಕೆಳಗೆ ಸಾಲುಸಾಲು ಹೆಬ್ಬೆರಳು. ನೀರಿನ ಟ್ಯಾಂಕರ್ ಬಿಲ್ ಹಾಕಿದಾಗ ಒಂದು ಹೆಬ್ಬೆರಳೂ ಏಳದ ಗ್ರೂಪು ಇದು.

ಐಡಿಯಾಗಳು ಅದ್ಭುತವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಮೊದಲನೆಯದೇ ನೋಡಿ: ಬೆಂಕಿಗೂಡಿನ ಸುತ್ತ ಬೆಚ್ಚಗೆ ಕುಳಿತು ಕಥೆ ಹೇಳಬೇಕಂತೆ. ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟಿನಲ್ಲಿ ಬೆಂಕಿಗೂಡು ಎಲ್ಲಿಂದ ಬರಬೇಕು? ಅದಕ್ಕೂ ದಾರಿ ಇದೆ. ಟಿ.ವಿ.ಯಲ್ಲಿ ಸೌದೆ ಉರಿಯುವ ವಿಡಿಯೊ ಹಾಕಬೇಕು. ಟಿ.ವಿ. ಕೆಳಗೆ ಮಕ್ಕಳ ಸ್ಕೂಲ್ ಸಾಕ್ಸ್ ನೇತುಹಾಕಬೇಕು. ಹೊರಗೆ ಮಧ್ಯಾಹ್ನ 27 ಡಿಗ್ರಿ ಬಿಸಿಲು. ಬೆಂಕಿ ಕಾಯಿಸುವವರಿಗೆ ಸೆಕೆ ಆಗದಿರಲಿ ಎಂದು ಎ.ಸಿ. ಹಾಕಬೇಕು. ಅಜ್ಜಿಯರು ಜೀವನವಿಡೀ ಸೌದೆ ಒಲೆ ಊದಿ ಕಣ್ಣು ಹಾಳು ಮಾಡಿಕೊಂಡರು. ಮೊಮ್ಮಕ್ಕಳು 55 ಇಂಚಿನಲ್ಲಿ ಸೌದೆ ಉರಿಸಿ ‘ಎಷ್ಟು ಕೋಜಿ ಅಲ್ವಾ’ ಅನ್ನುತ್ತಾರೆ. ಇದನ್ನು ಪ್ರಗತಿ ಅನ್ನದೆ ಇನ್ನೇನು ಅನ್ನೋಣ?

ಇನ್ನೊಂದು ಐಡಿಯಾ ಅಗ್ಲಿ ಸ್ವೆಟರ್ ಸ್ಪರ್ಧೆ. ನೋಡಲು ಅತಿ ಕೆಟ್ಟದಾಗಿರುವ ಸ್ವೆಟರ್ ಹಾಕಿಕೊಂಡು ಬಂದವರಿಗೆ ಬಹುಮಾನ. ಇದಕ್ಕೆಂದೇ ಆನ್‌ಲೈನಿನಲ್ಲಿ ಜಿಂಕೆ ಚಿತ್ರದ ಸ್ವೆಟರ್ ಸಿಗುತ್ತದೆ. ಎರಡು ಸಾವಿರ ಕೊಟ್ಟು ಕೆಟ್ಟದ್ದನ್ನು ತರಿಸಬೇಕು. ಪಕ್ಕದ ಪಾರ್ಕಿನಲ್ಲಿ ಬೆಳಗ್ಗೆ ಆರು ಗಂಟೆಗೆ ಮಂಕಿ ಟೋಪಿ, ಮಫ್ಲರ್, ಅದರ ಮೇಲೊಂದು ಶಾಲು, ಕೆಳಗೆ ಮಾತ್ರ ಬರ್ಮುಡಾ ಚಡ್ಡಿ ಹಾಕಿಕೊಂಡು ನಡೆಯುವ ನಿವೃತ್ತ ಹಿರಿಯರನ್ನು ಯಾರೂ ಸ್ಪರ್ಧೆಗೆ ಕರೆಯುವುದಿಲ್ಲ. ಕರೆದರೆ ಉಳಿದವರಿಗೆ ಸಮಾಧಾನಕರ ಬಹುಮಾನವೂ ಸಿಗಲಿಕ್ಕಿಲ್ಲ.

ಹಿಮದ ವಿಷಯಕ್ಕೆ ಬರೋಣ. ಹಿಂದೆಲ್ಲ ಹತ್ತಿ ಹರಡಿದರೆ ಹಿಮ ಆಗುತ್ತಿತ್ತು. ಆಮೇಲೆ ಥರ್ಮೊಕೋಲ್ ಪುಡಿ ಬಂತು. ಈಗ ಸ್ನೋ ಮೆಷಿನ್ ಬಾಡಿಗೆಗೆ ಸಿಗುತ್ತದೆ. ಅದು ಉಗುಳುವುದು ಸೋಪಿನ ನೊರೆ. ಬೆಳ್ಳಂದೂರು ಕೆರೆ ಇದನ್ನು ವರ್ಷಗಟ್ಟಲೆ ಪುಕ್ಕಟೆ ಕೊಡುತ್ತಿತ್ತು. ರಸ್ತೆಯ ತನಕ ಹಾರಿ ಬಂದು ಸ್ಕೂಟರಿನವರ ಮೇಲೆ ಬೀಳುತ್ತಿತ್ತು. 2017ರಲ್ಲಿ ಆ ಕೆರೆಗೆ ಬೆಂಕಿಯೂ ಬಿದ್ದಿತ್ತು. ಹಿಮವೂ ಬೆಂಕಿಗೂಡೂ ಒಂದೇ ಜಾಗದಲ್ಲಿ! ಆಗ ನಮಗೆ ಅದರ ಬೆಲೆ ಗೊತ್ತಾಗಲಿಲ್ಲ. ಮೂಗು ಮುಚ್ಚಿಕೊಂಡು ಮುಂದೆ ಹೋದೆವು.

ಅಂದ ಹಾಗೆ, ಯೇಸು ಹುಟ್ಟಿದ ಕಥೆಯಲ್ಲಿ ಹಿಮವೇ ಇಲ್ಲ. ಕುರಿ ಕಾಯುವವರು ಇದ್ದಾರೆ, ರಾತ್ರಿ ಇದೆ, ಉಳಿದುಕೊಳ್ಳಲು ಛತ್ರದಲ್ಲಿ ಜಾಗ ಸಿಗದ ತುಂಬು ಬಸುರಿ ಇದ್ದಾಳೆ. ಬೆತ್ಲೆಹೇಮ್ ಗುಡ್ಡದ ಮೇಲಿನ ಊರು ನಿಜ, ಆದರೆ ಎತ್ತರದಲ್ಲಿ ಬೆಂಗಳೂರೇ ಅದಕ್ಕಿಂತ ಮೇಲಿದೆ. ಅಲ್ಲಿ ಹಿಮ ಬೀಳುವುದು ಅಪರೂಪ. ಹಿಮ ಸೇರಿಕೊಂಡದ್ದು ಯುರೋಪಿನ ಚಳಿಯಲ್ಲಿ, ಮುಖ್ಯವಾಗಿ ಗ್ರೀಟಿಂಗ್ ಕಾರ್ಡುಗಳಲ್ಲಿ. ನಾವು ಕಥೆ ಬಿಟ್ಟು ಕಾರ್ಡು ಇಟ್ಟುಕೊಂಡೆವು.

ಮರದ್ದೂ ಅದೇ ಪಾಡು. ನಮ್ಮ ನರ್ಸರಿಗಳಲ್ಲಿ ‘ಕ್ರಿಸ್‌ಮಸ್ ಟ್ರೀ’ ಅಂತ ಕೊಡುವುದು ಅರೋಕೇರಿಯಾ. ಅದರ ತವರು ಶಾಂತ ಸಾಗರದ ನಾರ್ಫೋಕ್ ದ್ವೀಪ, ನ್ಯೂ ಕ್ಯಾಲೆಡೋನಿಯಾ ಕಡೆ. ಸಮುದ್ರದ ಗಾಳಿ ಕುಡಿದು ಬೆಳೆದ ಮರ, ಹಿಮ ಕಂಡದ್ದೇ ಇಲ್ಲ. ಅದನ್ನು ಕುಂಡದಲ್ಲಿ ತಂದು, ಮೇಲೆ ನೊರೆ ಸಿಂಪಡಿಸಿ, ಇಪ್ಪತ್ತಾರನೇ ತಾರೀಕು ಸಂಪ್ ಪಕ್ಕ ಇಟ್ಟು ಮರೆಯುತ್ತೇವೆ. ಇನ್ನು ಪ್ಲಾಸ್ಟಿಕ್ ಮರ, ಅದರ ಚೆಂಡು, ಗಂಟೆ, ನಕ್ಷತ್ರ ಎಲ್ಲಕ್ಕೂ ಚೀನಾದ ಯಿವು ಅನ್ನುವ ಊರು ಇದೆ. ಜಗತ್ತಿನ ಕ್ರಿಸ್‌ಮಸ್ ಅಲಂಕಾರದ ಬಹುಪಾಲು ಅಲ್ಲಿಂದಲೇ ಹೊರಡುತ್ತದೆ. ಚೀನಾ ವಸ್ತು ಬಹಿಷ್ಕರಿಸಿ ಅಂತ ಜೂನಿನಲ್ಲಿ ಪೋಸ್ಟರ್ ಹಾಕಿದ ಕೈಯೇ ಡಿಸೆಂಬರಿನಲ್ಲಿ ಆರ್ಡರ್ ಹಾಕುತ್ತದೆ. ಅದರ ಬಗ್ಗೆ ಮಾತಾಡುವುದು ಬೇಡ, ಹಬ್ಬದ ದಿನ.

ಕೇಕಿನ ಗಲಾಟೆ ಮಾತ್ರ ಕೇಳಲೇಬೇಕು. ಸ್ಟಾರ್ ಹೋಟೆಲುಗಳಲ್ಲಿ ಅಕ್ಟೋಬರ್, ನವೆಂಬರಿನಲ್ಲೇ ಕೇಕ್ ಮಿಕ್ಸಿಂಗ್ ಅನ್ನುವ ಉತ್ಸವ ನಡೆಯುತ್ತದೆ. ಎಲ್ಲರೂ ಬಿಳಿ ಟೋಪಿ, ಕೈಗವಸು ಹಾಕಿಕೊಂಡು ಉದ್ದನೆ ಮೇಜಿನ ಮುಂದೆ ನಿಲ್ಲುತ್ತಾರೆ. ಒಣದ್ರಾಕ್ಷಿ, ಗೋಡಂಬಿ, ಟೂಟಿ ಫ್ರೂಟಿ ರಾಶಿ ಹಾಕಿ ರಮ್ಮು, ಬ್ರಾಂದಿ ಸುರಿಯುತ್ತಾರೆ. ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಕಮಿಟಿಗೂ ಇದು ಬೇಕಾಯಿತು. ಮೊದಲ ಸಂದೇಶ: ಮೊಟ್ಟೆ ಹಾಕಬಾರದು. ಎರಡನೆಯದು: ರಮ್ಮು ಬೇಡ, ಮಕ್ಕಳಿದ್ದಾರೆ, ಆ್ಯಪಲ್ ಜ್ಯೂಸ್ ಹಾಕೋಣ. ಮೂರನೆಯದು: ಮೈದಾ ಆರೋಗ್ಯಕ್ಕೆ ಒಳ್ಳೆಯದಲ್ಲ, ಸಿರಿಧಾನ್ಯ ಆದೀತೇ? ನಾಲ್ಕನೆಯದು: ಸಕ್ಕರೆ ಬದಲು ಬೆಲ್ಲ. ಕೊನೆಗೆ ಒಬ್ಬರು, ‘ಈರುಳ್ಳಿ ಬೆಳ್ಳುಳ್ಳಿ ಇರಲ್ಲ ತಾನೆ?’ ಅಂತ ಕೇಳಿಯೇಬಿಟ್ಟರು. ಎಲ್ಲರ ಭಾವನೆಗೂ ಬೆಲೆ ಕೊಟ್ಟು ಮಾಡಿದ ಮೇಲೆ ಉಳಿದದ್ದು ನವಣೆ ಹಿಟ್ಟು, ಬೆಲ್ಲ, ಒಣದ್ರಾಕ್ಷಿ. ತಂಬಿಟ್ಟು ಅನ್ನಬಹುದಿತ್ತು. ಬೋರ್ಡಿನಲ್ಲಿ ‘ಟ್ರೆಡಿಷನಲ್ ಪ್ಲಮ್ ಕೇಕ್’ ಅಂತ ಇತ್ತು.

ಕೇರಳದ ತಲಶ್ಶೇರಿಯಲ್ಲಿ ಬೇಕರಿ ಇಟ್ಟಿದ್ದ ಮಾಂಬಳ್ಳಿ ಬಾಪು ಅವರ ಕಥೆ ಇಲ್ಲಿ ನೆನಪಾಗುತ್ತದೆ. 1883ರಲ್ಲಿ ಮರ್ಡಾಕ್ ಬ್ರೌನ್ ಅನ್ನುವ ತೋಟದ ಸಾಹೇಬ ಇಂಗ್ಲೆಂಡಿನ ಕೇಕನ್ನು ಅವರ ಮುಂದಿಟ್ಟು, ಇಂಥದ್ದೇ ಮಾಡಿಕೊಡು, ಬ್ರಾಂದಿ ಹಾಕು ಅಂದನಂತೆ. ಬಾಪು ಬ್ರಾಂದಿ ಬಿಟ್ಟು ಗೋಡಂಬಿ ಹಣ್ಣು, ಕದಳಿ ಬಾಳೆಹಣ್ಣಿನಿಂದ ಇಳಿಸಿದ ಊರಿನ ಸರಕನ್ನೇ ಹಾಕಿದರಂತೆ. ಸಾಹೇಬ ತಿಂದು ಖುಷಿಯಾಗಿ ಹನ್ನೆರಡು ಕೇಕಿಗೆ ಆರ್ಡರ್ ಕೊಟ್ಟ ಅನ್ನುತ್ತಾರೆ. ಬಾಪು ಬದಲಾಯಿಸಿದ್ದು ರುಚಿ ಹೆಚ್ಚಿಸಲು. ನಮ್ಮ ಕಮಿಟಿ ಬದಲಾಯಿಸಿದ್ದು ಯಾರೂ ಬೇಜಾರಾಗದಿರಲಿ ಅಂತ. ಹಾಗೇ ಆಯಿತು. ಯಾರೂ ಬೇಜಾರಾಗಲಿಲ್ಲ, ಯಾರೂ ತಿನ್ನಲೂ ಇಲ್ಲ.

ಸೀಕ್ರೆಟ್ ಸಾಂತಾ ಅನ್ನುವ ಇನ್ನೊಂದು ಪದ್ಧತಿ ಇದೆ. ಚೀಟಿ ಎತ್ತಬೇಕು, ಹೆಸರು ಬಂದವರಿಗೆ ಗುಟ್ಟಾಗಿ ಐನೂರು ರೂಪಾಯಿ ಒಳಗಿನ ಉಡುಗೊರೆ ಕೊಡಬೇಕು. ದೀಪಾವಳಿಗೆ ಆಫೀಸಿನಲ್ಲಿ ಕೊಟ್ಟ ಡ್ರೈಫ್ರೂಟ್ ಡಬ್ಬಿ, ಪರಿಮಳದ ಮೇಣದಬತ್ತಿ ಇವೆಲ್ಲ ಈ ಪದ್ಧತಿಯಿಂದಲೇ ಬದುಕಿವೆ. ಒಂದು ಮೇಣದಬತ್ತಿ ನಮ್ಮ ಬ್ಲಾಕಿನಲ್ಲಿ ಎಷ್ಟು ಮನೆ ಸುತ್ತಿದೆಯೋ, ಇದುವರೆಗೆ ಅದಕ್ಕೆ ಯಾರೂ ಕಡ್ಡಿ ಗೀರಿಲ್ಲ. ಮದುವೆಯಾಗದ ಹುಡುಗನಿಗೆ ‘ವರ್ಲ್ಡ್ಸ್ ಬೆಸ್ಟ್ ಡ್ಯಾಡ್’ ಮಗ್ ಸಿಕ್ಕಿತು. ಅವನ ತಾಯಿ ಅದನ್ನು ಶುಭಶಕುನ ಅಂದುಕೊಂಡರು.

ನಿಜವಾದ ಸೀಕ್ರೆಟ್ ಸಾಂತಾ ಇದ್ದದ್ದು ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿಯ ಮೈರಾ ಊರಿನಲ್ಲಿ. ಬಿಷಪ್ ನಿಕೋಲಸ್. ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾಗದೆ ಕಂಗಾಲಾಗಿದ್ದ ಬಡವನ ಮನೆಗೆ ರಾತ್ರಿ ಯಾರಿಗೂ ಕಾಣದಂತೆ ಚಿನ್ನದ ಗಂಟು ಎಸೆದು ಹೋದನೆಂದು ಐತಿಹ್ಯ. ಅಲ್ಲಿಂದ ಅವನನ್ನು ಡಚ್ಚರು, ಅಮೆರಿಕನ್ನರು ಒಬ್ಬೊಬ್ಬರಾಗಿ ಎಳೆದಾಡಿ, 1931ರಿಂದ ಕೋಕಾ ಕೋಲಾ ಜಾಹೀರಾತುಗಳು ಆ ಕೆಂಪು ಕೋಟಿನ ದಪ್ಪ ಹೊಟ್ಟೆಯ ತಾತನನ್ನು ಮನೆಮನೆಗೆ ಮುಟ್ಟಿಸಿದವು. ಬಡವರ ಮನೆಗೆ ಚಿನ್ನ ಹಾಕುತ್ತಿದ್ದವನು ಕೊನೆಗೆ ಸೋಡಾ ಮಾರಿದ.

ಮಂಗಳೂರು ಕಡೆಯವರ ಮುಂದೆ ಈ 21 ಐಡಿಯಾ ಓದಿದರೆ ನಗುತ್ತಾರೆ. ಅಲ್ಲಿ ಕ್ರಿಸ್‌ಮಸ್ಸಿಗೆ ಯಾರೂ ಐಡಿಯಾ ಹುಡುಕುವುದಿಲ್ಲ, ಕೆಲಸ ಹಂಚುತ್ತಾರೆ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುವ ರಾತ್ರಿ ಮನೆಯವರೆಲ್ಲ ಹಿಟ್ಟಿನ ಸುತ್ತ ಕೂರಬೇಕು. ಕಿಡಿಯೋ ಮಾಡಲು ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ತೆಗೆಯಬೇಕು. ಅದು ಮುಗಿಯುವ ಕೆಲಸವೇ ಅಲ್ಲ. ಮಕ್ಕಳು ಅರ್ಧಕ್ಕೆ ಏಳುತ್ತಾರೆ, ಮಾವಂದಿರು ಏಳಲು ನೋಡಿ ಬೈಸಿಕೊಳ್ಳುತ್ತಾರೆ. ನೆವ್ರಿಗೆ ಎಳ್ಳು ತೆಂಗಿನಕಾಯಿ ತುಂಬುವ ಕೆಲಸ ಮಾತ್ರ ದೊಡ್ಡವರ ಕೈಯಲ್ಲೇ. ಗುಳಿಯೋ, ಕೊಕ್ಕಿಸಾಂ, ಚಕ್ಕುಲಿ ಎಲ್ಲ ಆದ ಮೇಲೆ ತಟ್ಟೆಯಲ್ಲಿಟ್ಟು, ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಅಕ್ಕಪಕ್ಕದ ಶೆಟ್ಟರ ಮನೆಗೆ, ಬ್ಯಾರಿಗಳ ಮನೆಗೆ, ಭಟ್ಟರ ಮನೆಗೆ ಹೋಗುತ್ತದೆ. ಗೋದಲಿಯಲ್ಲಿ ಹಸಿರು ಗದ್ದೆ ಕಾಣಬೇಕೆಂದು ಮುಂಚೆಯೇ ತಟ್ಟೆಯಲ್ಲಿ ರಾಗಿಯೋ ಭತ್ತವೋ ಬಿತ್ತಿ ಮೊಳಕೆ ಬರಿಸುತ್ತಾರೆ. ಹಿಮ ಗಿಮ ಏನಿಲ್ಲ. ಯೇಸು ಅಲ್ಲಿ ಗದ್ದೆ ಬದುವಿನ ಪಕ್ಕವೇ ಹುಟ್ಟುತ್ತಾನೆ.

ಈಗ ಕುಸ್ವಾರ್ ಕೂಡ ಬೆಂಗಳೂರಿನಲ್ಲಿ ಹ್ಯಾಂಪರ್ ಆಗಿದೆ. ರಿಬ್ಬನ್ ಕಟ್ಟಿದ ಪೆಟ್ಟಿಗೆ, ಒಳಗೆ ಎರಡು ನೆವ್ರಿ, ಒಂದು ಹಿಡಿ ಕಿಡಿಯೋ, ಉಳಿದದ್ದು ಚೂರು ಕಾಗದ. ಇರಲಿ, ಯಾರೋ ಮನೆಯಲ್ಲಿ ಕೂತು ಮಾಡಿ ನಾಲ್ಕು ಕಾಸು ನೋಡುತ್ತಿದ್ದಾರೆ.

ನಮ್ಮ ಬ್ಲಾಕಿನಲ್ಲಿ ಮೂರು ಮನೆಗೆ ಅಡುಗೆ ಮಾಡುವ ಹೆಂಗಸು ಕ್ರಿಶ್ಚಿಯನ್. ಈ ಸಲ ಅವರು ಒಂದು ಮನೆಯಲ್ಲಿ ರಜೆ ಕೇಳಿದರು. ಆ ಮಾತುಕತೆ ಕಾರಿಡಾರಿನಲ್ಲಿ ಎಲ್ಲರಿಗೂ ಕೇಳಿಸಿತು.

‘ಅಮ್ಮಾ, ಇಪ್ಪತ್ತೈದಕ್ಕೆ ಬರಕ್ಕಾಗಲ್ಲ.’

‘ಅಯ್ಯೋ, ಅವತ್ತೇ ಬರಬೇಕು ಕಣಮ್ಮಾ! ಮನೇಲಿ ಪಾರ್ಟಿ ಇದೆ, ಇಪ್ಪತ್ತು ಜನ.’

‘ಏನು ಪಾರ್ಟಿ ಅಮ್ಮಾ?’

‘ಕ್ರಿಸ್‌ಮಸ್ ಪಾರ್ಟಿ.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಅಮ್ಮಾವ್ರೇ, ‘ನಿಮ್ಗೂ ಅವತ್ತೇ ಏನು ಕೆಲ್ಸ?’ ಅಂದರು.

ಸಂಜೆ ಸಾಂತಾ ವೇಷಕ್ಕೆ ಜನ ಹುಡುಕುವ ಕೆಲಸ. ಹೊಟ್ಟೆ ಇರುವ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಆದರೆ ಆ ಪಾಲಿಯೆಸ್ಟರ್ ಗಡ್ಡ ಕಟ್ಟಿಕೊಂಡು ಬೆವರಲು ಯಾರೂ ತಯಾರಿಲ್ಲ. ಕೊನೆಗೆ ಗೇಟಿನ ಸೆಕ್ಯೂರಿಟಿ ಹುಡುಗನನ್ನು ಹಿಡಿದರು. ಒಣಕಲು ಹುಡುಗ, ಹೊಟ್ಟೆಗೆ ಎರಡು ದಿಂಬು ಬೇಕು. ಅವನು ಜಾರ್ಖಂಡಿನ ಸಿಮ್‌ಡೇಗಾ ಜಿಲ್ಲೆಯವನು. ಆ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಅರ್ಧದಷ್ಟು ಜನ ಕ್ರೈಸ್ತರು. ಅವನೂ ಅವರಲ್ಲೊಬ್ಬ. ಅವನ ಊರಿನಲ್ಲಿ ಹಬ್ಬದ ದಿನ ಮಾಂದರ್ ಡೋಲು ಬಾರಿಸಿಕೊಂಡು ರಾತ್ರಿಯಿಡೀ ಕುಣಿಯುತ್ತಾರಂತೆ. ಇಲ್ಲಿ ಅವನು ದಿಂಬು ಕಟ್ಟಿಕೊಂಡು ‘ಹೋ ಹೋ ಹೋ’ ಅನ್ನಬೇಕು. ಅದಾದ ಮೇಲೆ ಬೆಳಗಿನ ಪಾಳಿ ತನಕ ಗೇಟು ಕಾಯಬೇಕು. ರಿಹರ್ಸಲ್‌ನಲ್ಲಿ ಒಬ್ಬ ಮೇಡಂ ಅವನಿಗೆ, ಕ್ರಿಸ್‌ಮಸ್ ಅಂದ್ರೆ ಏನು ಅಂತ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ವಿವರಿಸಿದರು. ಅವನು ಎಲ್ಲಕ್ಕೂ ತಲೆ ಆಡಿಸಿದ.

ಇಲ್ಲಿಗೆ ಬಂದಾಗ ನನಗೆ ತಮಾಷೆ ಮಾಡಲು ಮನಸ್ಸು ಬರುವುದಿಲ್ಲ. ಇಡೀ ಹಬ್ಬ ನಮಗೆ ಬೇಕು. ಕೇಕು ಬೇಕು, ಲೈಟು ಬೇಕು, ಕೆಂಪು ಟೋಪಿ ಬೇಕು, ಚರ್ಚ್ ಸ್ಟ್ರೀಟಿನಲ್ಲಿ ಸೆಲ್ಫಿ ಬೇಕು. ಆ ಹಬ್ಬದ ಜನ ಬಂದು ಮನೆ ಬಾಡಿಗೆಗೆ ಕೇಳಿದರೆ, ‘ನಾನ್‌ವೆಜ್ಜಾ? ನಮ್ಮ ಓನರ್ ಒಪ್ಪಲ್ಲ’ ಅನ್ನುತ್ತೇವೆ. ಮನೆಯಲ್ಲಿ ಹತ್ತು ಜನ ಸೇರಿ ಪ್ರಾರ್ಥನೆ ಮಾಡಿದರೆ ಗ್ರೂಪಿನಲ್ಲಿ ಪಿಸುಗುಟ್ಟುತ್ತೇವೆ. ಅದೇ ಮನೆಯಲ್ಲಿ ಹತ್ತು ಜನ ಸೇರಿ ಜಿಂಗಲ್ ಬೆಲ್ಸ್ ಕಿರುಚಿದರೆ ಅದು ‘ಕಮ್ಯುನಿಟಿ ಬಾಂಡಿಂಗ್’. 2021ರ ಡಿಸೆಂಬರ್ 23ರಂದು ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆ ಪಾಸು ಮಾಡಿತು. ಅದೇ ವಾರ ಪಾಂಡವಪುರದ ಒಂದು ಶಾಲೆಗೆ ಗುಂಪೊಂದು ನುಗ್ಗಿ, ಇಲ್ಲಿ ಕ್ರಿಸ್‌ಮಸ್ ಯಾಕೆ ಮಾಡುತ್ತೀರಿ ಅಂತ ಗದರಿತು. ಮಕ್ಕಳ ಹಬ್ಬ. ಕೇಕ್ ಕತ್ತರಿಸುವ ಹಬ್ಬ. ಆ ವಾರವೂ ನಮ್ಮ ಕ್ಲಬ್‌ಹೌಸಿಗೆ ಯಾರೂ ನುಗ್ಗಲಿಲ್ಲ. ನಮ್ಮ ಸಾಂತಾನನ್ನು ಯಾರೂ ಪ್ರಶ್ನೆ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ನಮ್ಮ ಪಾರ್ಟಿಯಲ್ಲಿ ಕ್ರಿಸ್ತನೂ ಇರಲಿಲ್ಲ, ಕ್ರೈಸ್ತರೂ ಇರಲಿಲ್ಲ. ಇದ್ದವರು ಅಡುಗೆಮನೆಯಲ್ಲಿ, ಗೇಟಿನಲ್ಲಿ ಇದ್ದರು.

ಕೆಲಸದವರ ರಜೆ ವಿಷಯ ಕಮಿಟಿ ಮೀಟಿಂಗಿನಲ್ಲಿ ಎತ್ತಲಾಯಿತು. ಎತ್ತಿದವರು ಮೂರನೇ ಮಹಡಿಯ ಕಾಲೇಜು ಹುಡುಗಿ. ‘ಅವರ ಹಬ್ಬಕ್ಕೆ ಅವರಿಗೇ ರಜೆ ಇಲ್ಲ ಅಂದ್ರೆ ಹೇಗೆ ಅಂಕಲ್?’ ಅಂತ ನೇರವಾಗಿ ಕೇಳಿದಳು. ಎಲ್ಲರೂ ನೆಲ ನೋಡಿದರು. ಅಧ್ಯಕ್ಷರು ಒಳ್ಳೆಯ ಮನುಷ್ಯ, ವ್ಯಂಗ್ಯವಾಗಿ ಹೇಳುತ್ತಿಲ್ಲ. ಅವರು ಎದ್ದು, ನಾವು ಎಲ್ಲ ಧರ್ಮವನ್ನೂ ಗೌರವಿಸುವವರು, ಇಪ್ಪತ್ತೈದಕ್ಕೆ ಎಲ್ಲ ಕೆಲಸದವರಿಗೂ ಸಂಬಳದ ಸಮೇತ ರಜೆ ಅಂದರು. ಚಪ್ಪಾಳೆ ಬಿತ್ತು. ಹುಡುಗಿಯ ಮುಖ ಅರಳಿತು.

ರಾತ್ರಿ ಗ್ರೂಪಿಗೆ ಪ್ರಕಟಣೆ ಬಂತು. ‘ಸಿಬ್ಬಂದಿಯ ಹಬ್ಬದ ರಜೆಗೆ ಅನುಕೂಲವಾಗಲೆಂದು ಕ್ರಿಸ್‌ಮಸ್ ಪಾರ್ಟಿಯನ್ನು 24ನೇ ತಾರೀಕು ರಾತ್ರಿ 9ರಿಂದ 1 ಗಂಟೆಗೆ ಬದಲಾಯಿಸಲಾಗಿದೆ. ಸರಿಯಾಗಿ 12ಕ್ಕೆ ಕೇಕ್ ಕಟಿಂಗ್.’ ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ ಇರುವುದೂ ಅದೇ ರಾತ್ರಿಯೇ ಅಂತ ಹುಡುಗಿ ಬರೆದಳು. ಅದಕ್ಕೆ ಯಾರೋ ಕೈಮುಗಿಯುವ ಎಮೋಜಿ ಹಾಕಿದರು. ಅದರ ಕೆಳಗೆ ಕಾರ್ಯದರ್ಶಿಗಳ ಸೂಚನೆ: ‘ಅಡುಗೆ, ಹೌಸ್‌ಕೀಪಿಂಗ್, ಸೆಕ್ಯೂರಿಟಿ ಸಿಬ್ಬಂದಿ ಪಾರ್ಟಿ ಮುಗಿಯುವ ತನಕ ಇರತಕ್ಕದ್ದು. ಸಾಂತಾ ಟೋಪಿ ಕಡ್ಡಾಯ. ಟೋಪಿಗಳನ್ನು ಎಣಿಸಿ ಕೊಡಲಾಗುವುದು, ಹೋಗುವಾಗ ಎಣಿಸಿ ವಾಪಸ್ ಪಡೆಯಲಾಗುವುದು.’